ಬೈಗುಳದ ಅಮಾಸೆ

ಹೊಳೆಯ ಈ ದಂಡೆಗೊಂದು ಊರು, ಆ ದಂಡೆಗೊಂದು ಊರು. ಈ ಊರಿನ ಹೆಣ್ಣು ಆ ಊರಿಗೆ, ಆ ಊರಿನ ಹೆಣ್ಣು ಈ ಊರಿಗೆ. ಹಾಗಾಗಿ ಎರಡೂ ಊರಿನವರು ಒಬ್ಬರಿಗೊಬ್ಬರು ಬೀಗರು. ಬೀಗರೆಂದ ಮೇಲೆ ಜಗಳಕ್ಕೇನು ಬರ?

ಈ ದಂಡೆಯ ಮೇಲೊಂದು ಮಠ. ಮಠದಲ್ಲಿ ನಿರ್ವಾಣಜ್ಜನವರು, ಅವರ ಶಿಷ್ಯ ಅಡವಯ್ಯ.

ಅಡವಯ್ಯ ಈ ಊರಿನವನೇ, ಹೂವವ್ವನ ಮಗ. ಹರಕೆ ಹೊತ್ತು ಹಡೆದ ಮಗನನ್ನು ಆಕೆ ಹಾಲುಹಲ್ಲು ಬೀಳುವ ಮೊದಲೇ ಮಠಕ್ಕೆ ಒಪ್ಪಿಸಿದ್ದಳು. ಮಠಕ್ಕೆ ಬಿಟ್ಟ ಮಗ ತಾಯಿಯನ್ನು ಅವ್ವ ಎನ್ನುವಂತಿಲ್ಲ, ತಾಯಿ ಮಗನನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಆಕೆ "ದೇವರ" ಎನ್ನಬೇಕು. ಅವನು ಊರಿನ ಎಲ್ಲ ಹೆಂಗಸರಿಗೆ ಅನ್ನುವಂತೆ ಆಕೆಗೂ "ತಾಯಿ" ಎನ್ನಬೇಕು.

ಅಜ್ಜನವರು ಅವನನ್ನು ದೂರದ ಪಾಠಶಾಲೆಗೆ ಕಳಿಸಿ ಓದಿಸಿದರು. ಓದಿ ಬಂದ ಅಡವಯ್ಯನ ಮಾತು ಆಗತಾನೆ ಕಡೆದ ಬೆಣ್ಣೆ. ಅವನು ಪುರಾಣ ಹೇಳಲು ಕುಳಿತರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು.

ಊರ ಮಾತು ಮಾತ್ರ ಅವನ ನಾಲಿಗೆಯಿಂದ ಇಳಿದು ಹೋಗಿತ್ತು. ನಿದ್ದೆಯಲ್ಲಿ ಕನವರಿಸಿದರೂ ಪುಸ್ತಕ ಓದಿದಂತೆ ಕನವರಿಸುತ್ತಾನೆ ಎಂದು ಮಠದ ಅಡುಗೆಯವರು ನಗುತ್ತಿದ್ದರು.

ಅವನು ಬಂದ ವರ್ಷವೂ ಎಂದಿನಂತೆ ಹೊಳೆ ಇಳಿಯಿತು. ನೀರು ಮೊಣಕಾಲಿಗೆ ಬಂತು. ಬೈಗುಳದ ಅಮಾಸೆಯೂ ಬಂತು.

ಅಂದು ಎರಡೂ ಊರಿನ ಹೆಂಗಸರು ನೀರಿಗಿಳಿದು ಎದುರುಬದುರು ನಿಂತು ಬೈದಾಡಬೇಕು. ಗಂಡಸರು ದಂಡೆಯ ಮೇಲೆ ಕೂತು ಕೇಳಬೇಕು. ಸತ್ತವರನ್ನು ಬೈಯುವಂತಿಲ್ಲ, ಮಕ್ಕಳನ್ನು ಬೈಯುವಂತಿಲ್ಲ. ಬೈಸಿಕೊಳ್ಳುವವರು ಕೊನೆಯ ಮಾತಿನವರೆಗೆ ನಿಂತು ಕೇಳಬೇಕು. ಆಡುವ ಮಾತನ್ನು ಬಾಯಲ್ಲಿಟ್ಟುಕೊಂಡು ಯಾರೂ ದಂಡೆ ಹತ್ತುವಂತಿಲ್ಲ. ಹತ್ತಿದ ಮೇಲೆ ನೀರಿನಲ್ಲಿ ಆಡಿದ್ದನ್ನು ಎತ್ತುವಂತಿಲ್ಲ. ಕಡೆಗೆ ಬೈಸಿಕೊಂಡವರು ಬೈದವರಿಗೆ ಹೋಳಿಗೆ ತಿನ್ನಿಸಬೇಕು.

ಈ ದಂಡೆಯಲ್ಲಿ ಹೂವವ್ವನ ಬಾಯಿಗೆ ಸಮನಾದ ಬಾಯಿ ಇರಲಿಲ್ಲ. ಆಕೆಯ ಮಗಳು ನೀಲವ್ವ, ಎಂದರೆ ಅಡವಯ್ಯನ ಅಕ್ಕ, ಆ ದಂಡೆಯ ಸೊಸೆ. ನೀಲವ್ವ ಸೆರಗು ಹೊದ್ದು ಅತ್ತೆ ಸಂಗವ್ವನ ಬೆನ್ನ ಹಿಂದೆ ನಿಂತಿದ್ದಳು.

ಹೂವವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

"ಏ ಸಂಗವ್ವಾ, ನಿನ್ನ ಬಾಯಾಗ ಮಣ್ಣ ಬೀಳ್ಲಿ. ಎಮ್ಮಿಗೆ ಹಿಂಡಿ ಇಡತಿ, ನನ್ನ ಮಗಳಿಗೆ ಬೂಷ್ಟ ಹಿಡದ ರೊಟ್ಟಿ ಇಡತಿ. ಪಂಚಮಿಗೆ ಆಕಿನ್ನ ಕಳಸಲಿಲ್ಲ. ನಮ್ಮನ್ಯಾಗ ಜೋಕಾಲಿ ಖಾಲಿ ತೂಗಿತು. ನಿನ್ನ ಮಗ ದೇವಲಿಂಗ ಆಕಿ ಮ್ಯಾಲೆ ಕೈ ಎತ್ಯಾನ. ಹೊಲದಾಗ ನೇಗಿಲ ಹಿಡ್ಯಾಕ ಏಳದ ಕೈ ಮನ್ಯಾಗ ಹೆಂಗ ಎದ್ದಿತು? ಆ ಕೈ ಸೇದಿ ಹೋಗ್ಲಿ."

ಮುಂದೆ ಆಕೆ ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಓದುವವರು ಪುಸ್ತಕ ಮುಚ್ಚಿಟ್ಟಾರು.

ಸಂಗವ್ವ ಕೊನೆಯವರೆಗೆ ಕೇಳಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟಳು.

"ನಿನ್ನ ಮಗಳಿಗೆ ರೊಟ್ಟಿ ಬಡ್ಯಾಕ ಕಲಿಸಿ ಕಳಸಿದ್ರ ನಾ ಚಲೋ ರೊಟ್ಟಿ ಇಡತಿದ್ನೆವಾ. ಆಕಿ ಬಡದ ರೊಟ್ಟಿ ನಮ್ಮ ಮನಿ ಮ್ಯಾಲೆ ಹಂಚಾಗ್ಯಾವು. ಮಳಿ ಬಂದ್ರ ಒಂದ ಹನಿ ಸೋರೂದಿಲ್ಲ."

ಎರಡೂ ದಂಡೆ ನಕ್ಕವು. ನೀಲವ್ವನೂ ಸೆರಗಿನೊಳಗೆ ನಕ್ಕಳು. ದೇವಲಿಂಗ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕದ ಹಿರಿಯರು ಅವನನ್ನೇ ನೋಡುತ್ತಿದ್ದರು.

ಅಡವಯ್ಯ ಮಠದ ಮೆಟ್ಟಿಲ ಮೇಲೆ ನಿಂತಿದ್ದ. ಅವನ ಜೊತೆ ಓದಿದ ಗೆಳೆಯನೊಬ್ಬ ಅಂದು ಮಠಕ್ಕೆ ಬಂದಿದ್ದ.

"ಮುಂದೆ ನಿಂತಿರುವ ಆ ಹೆಂಗಸು ಯಾರು? ಎಂಥ ಬಾಯಿ ಮಾರಾಯ ಅದು," ಎಂದ ಗೆಳೆಯ.

"ಯಾರೋ ಊರವಳು," ಎಂದ ಅಡವಯ್ಯ.

ಅಂದ ಮೇಲೆ ಅವನು ಹೋಳಿಗೆ ಮುಟ್ಟಲಿಲ್ಲ. ಸಂಜೆ ಅಜ್ಜನವರ ಮುಂದೆ ಹೋಗಿ ಕೂತ.

"ಅಜ್ಜನವರೆ, ಈ ಪದ್ಧತಿಯನ್ನು ನಿಲ್ಲಿಸಬೇಕು."

"ಯಾಕಪಾ?"

"ಅದು ಹೊಲಸು."

"ಹೂವವ್ವ ಏನಂದ್ಲು ಇವತ್ತು?"

"ಹೇಳಲು ನಾಚಿಕೆಯಾಗುತ್ತದೆ."

"ಬೈಗಳ ಬಿಟ್ಟು ಉಳಿದದ್ದು ಹೇಳು."

ಅಡವಯ್ಯ ನೆನಪು ಮಾಡಿಕೊಂಡ. ಅವನ ಕಿವಿಯಲ್ಲಿ ಬೈಗುಳಗಳೇ ತುಂಬಿದ್ದವು.

"ಬೈಗುಳ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ," ಎಂದ.

"ಹಂಗಂತಿ?"

"ಹಾಗೆಯೇ."

ಅಜ್ಜನವರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಏನೋ ಅನ್ನುವಂತೆ ತುಟಿ ಅಲುಗಿತು. ಆದರೆ ಅವರಿಗೂ ವಯಸ್ಸಾಗಿತ್ತು, ಬೆಳಗಿನಿಂದ ಗದ್ದಲ ಕೇಳಿ ತಲೆ ಸಿಡಿಯುತ್ತಿತ್ತು. ಕಂಬಳಿ ಎಳೆದುಕೊಂಡರು.

"ನಿನಗ ತಿಳದಂಗ ಮಾಡಪಾ," ಅಂದರು.

ಗುರುವಿನ ಅಪ್ಪಣೆ ಸಿಕ್ಕಿತೆಂದು ಅಡವಯ್ಯ ಎದ್ದ.

ಆ ವರ್ಷವಿಡೀ ಅವನು ಎರಡೂ ದಂಡೆಯಲ್ಲಿ ಪುರಾಣ ಹೇಳಿದ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದ. ಬಾಯಿ ಶುದ್ಧವಾದರೆ ಮನೆ ಶುದ್ಧ, ಮನೆ ಶುದ್ಧವಾದರೆ ಊರು ಶುದ್ಧ ಎಂದ. ಜನ ತಲೆದೂಗಿದರು. ಅಷ್ಟು ಚೆಂದವಾಗಿ ಹೇಳಿದರೆ ಯಾರು ತಾನೇ ಒಲ್ಲೆ ಎಂದಾರು?

ಬರುವ ಅಮಾಸೆಗೆ ಹೆಂಗಸರು ನೀರಿಗಿಳಿಯುವುದು ಬೇಡ, ಎರಡೂ ದಂಡೆಯ ಮೇಲೆ ನಿಂತು ಭಜನೆ ಹಾಡಲಿ ಎಂದು ಗೊತ್ತಾಯಿತು. ಹಾಡನ್ನು ಅಡವಯ್ಯನೇ ಕಟ್ಟಿ ಕಲಿಸಿದ.

ಅಮಾಸೆಯ ಹಿಂದಿನ ದಿನ ಹೂವವ್ವ ಮಠಕ್ಕೆ ಬಂದಳು. ಮೆಟ್ಟಿಲ ಕೆಳಗೇ ನಿಂತಳು.

"ದೇವರ, ಒಂದು ಮಾತು."

"ಹೇಳಿ ತಾಯಿ."

"ಈ ವರ್ಷ ಒಂದು ನೀರಾಗ ಇಳ್ಯಾಕ ಬಿಡ್ರಿ. ನನಗ ಆಡೂ ಮಾತೈತಿ."

"ಮಾತನ್ನು ನೀರಿಗಿಳಿದೇ ಆಡಬೇಕೆ? ಅವರ ಮನೆಗೆ ಹೋಗಿ ಸಮಾಧಾನದಿಂದ ಆಡಿರಿ."

"ಬೀಗರ ಮನಿಗೆ ಹೋಗಿ ಆಡಿದ್ರ ಅದು ಮನಿ ಜಗಳ ಆಗತೈತ್ರಿ. ನಾ ಆಡಿ ಬರತೀನಿ, ಮಗಳು ಅಲ್ಲೇ ಇರಬೇಕಲ್ಲ. ನೀರಾಗ ಆಡಿದ್ರ ಊರಿಗೂರ ಕೇಳತೈತಿ. ಮನಸಿಗೆ ಯಾರೂ ಹಚ್ಚಿಕೊಳ್ಳೂದಿಲ್ಲ, ಮರ್ಯಾದಿಗೆ ಎಲ್ಲಾರೂ ಅಂಜತಾರ."

"ಒಳ್ಳೆಯ ಮಾತಿನಲ್ಲಿ ಹೇಳಿದರೆ ಯಾರಾದರೂ ಕೇಳುತ್ತಾರೆ ತಾಯಿ."

ಹೂವವ್ವ ಮಗನನ್ನು ನೋಡಿದಳು. ಇಡೀ ಊರನ್ನು ಬಾಯಲ್ಲಿ ಆಡಿಸುವ ಹೆಂಗಸು ಹಡೆದ ಮಗನ ಮುಂದೆ ಮಾತಿಗೆ ತಡಕಾಡಿದಳು.

"ಒಳ್ಳೇ ಮಾತಿನಾಗ ಹೇಳೂವಂಥಾದ್ದಲ್ಲರಿ ಅದು," ಎಂದಳು.

ಮೆಟ್ಟಿಲಿಗೆ ಹಣೆ ಹಚ್ಚಿ ಹೋದಳು. ಅಡವಯ್ಯನಿಗೆ ಒಂದು ಭಾರ ಇಳಿದಂತಾಯಿತು. ಗೆಳೆಯರು ಬಂದರೆ ಇನ್ನು ನಾಚುವ ಕಾರಣವಿರಲಿಲ್ಲ.

ಭಜನೆ ಚೆನ್ನಾಗಿ ನಡೆಯಿತು. ಮರುವರ್ಷವೂ ನಡೆಯಿತು, ಅದರ ಮುಂದಿನ ವರ್ಷಗಳಲ್ಲೂ ನಡೆಯಿತು. ಸುತ್ತಲಿನ ಮಠದವರು ಅಡವಯ್ಯನನ್ನು ಕರೆದು ಶಾಲು ಹೊದಿಸಿದರು. ಇಂಥ ಸಭ್ಯರ ಊರನ್ನು ನಾವು ಕಂಡಿಲ್ಲ ಎಂದರು.

ಅದು ಸುಳ್ಳಲ್ಲ. ಆ ದಂಡೆಯವರು ಎದುರಾದರೆ ಈ ದಂಡೆಯವರು ಈಗ ಕೈ ಮುಗಿಯುತ್ತಿದ್ದರು. ಆರಾಮಾ, ಆರಾಮ. ಬರ್ರಿ ಮನಿಗೆ, ಬರೂಣಂತ. ಬರೂಣಂತ ಅಂದವರು ಬರುತ್ತಿರಲಿಲ್ಲ. ಮುಂಚೆ ಹಾಲಿಗೆ ಹೆಪ್ಪು ಬೇಕಾದರೂ ಹೊಳೆ ದಾಟಿ ಹೋಗಿ, ಹೆಪ್ಪು ಕೊಡುವವಳ ಜೊತೆ ಜಗಳ ತೆಗೆದು, ಉಂಡು ಬರುತ್ತಿದ್ದರು. ಈಗ ಹರಗೋಲಿನ ಅಂಬಿಗ ದಿನವಿಡೀ ನಿದ್ದೆ ಮಾಡುತ್ತಿದ್ದ. ಹೊಸ ಸಂಬಂಧಗಳು ಹೊಳೆ ದಾಟುವುದೂ ನಿಂತಿತ್ತು.

ಅಡವಯ್ಯ ಇದನ್ನೆಲ್ಲ ಕಂಡ. ಶಾಂತಿ ಎಂದರೆ ಹೀಗೇ ಇರುತ್ತದೆ ಎಂದುಕೊಂಡ.

ಒಂದು ಮುಂಜಾನೆ ನೀಲವ್ವ ಹೊಳೆ ದಾಟಿ ಬಂದಳು. ಕೈಯಲ್ಲಿ ಗಂಟಿಲ್ಲ, ಕಾಲಲ್ಲಿ ಕೆರವಿಲ್ಲ. ತವರಿನ ಕಟ್ಟೆಯ ಮೇಲೆ ಕೂತಳು. ಹೂವವ್ವ ಎಡಗಡೆಯಿಂದ ಕರೆದರೆ ತಿರುಗಲಿಲ್ಲ. ಏಟು ಬಿದ್ದ ಆ ಕಿವಿ ಕೇಳುವುದು ನಿಂತು ಬಹಳ ದಿನವಾಗಿತ್ತು.

"ಗಿರಿಜಾ ಎಲ್ಲಿ?" ಎಂದಳು ಹೂವವ್ವ. ಗಿರಿಜಾ ಎಂದರೆ ನೀಲವ್ವನ ಮಗಳು, ಇನ್ನೂ ಎದೆಹಾಲು ಬಿಡದ ಕೂಸು.

"ಕೊಡಲಿಲ್ಲ," ಎಂದಳು ನೀಲವ್ವ.

ಅಷ್ಟೇ. ಇಬ್ಬರೂ ಅಳಲಿಲ್ಲ.

ಆ ದಂಡೆಯ ಹಿರಿಯರು ಸಂಜೆಗೆ ಬಂದರು. ಹಳಹಳಿಸಿದರು. ಅವರು ಕೆಟ್ಟವರೇನಲ್ಲ.

"ನಮಗ ಗೊತ್ತ ಇಲ್ಲಲ್ರಿ. ಇಷ್ಟು ವರ್ಷ ಯಾರೂ ಏನೂ ಅಂದಿಲ್ಲ. ಎಲ್ಲಾ ಚಲೋ ಐತಿ ಅಂತ ತಿಳದ್ವಿ," ಎಂದರು.

ಈ ದಂಡೆಯ ಹುಡುಗರು ಅದನ್ನು ಕೇಳಿದರು. ಅವರಿಗೆ ಬೈಯುವುದು ಗೊತ್ತಿರಲಿಲ್ಲ, ಭಜನೆ ಮಾತ್ರ ಗೊತ್ತಿತ್ತು. ಅವರು ಹೋಗಿ ದೇವಲಿಂಗನ ಬಣವೆಗೆ ಬೆಂಕಿ ಹಚ್ಚಿ ಬಂದರು. ಆಮೇಲೆ ಹಿರಿಯರೂ ಬರಲಿಲ್ಲ.

ಅಡವಯ್ಯ ತಾನೇ ಹೋಗುತ್ತೇನೆಂದ. ಅಜ್ಜನವರು ಬೇಡ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಬೀಗರ ಮನೆಯಲ್ಲಿ ಅವನಿಗೆ ಪಾದಪೂಜೆ ಆಯಿತು. ಸಂಗವ್ವ ಬೆಳ್ಳಿ ಬಟ್ಟಲಲ್ಲಿ ಹಾಲು ತಂದಿಟ್ಟಳು. ದೇವಲಿಂಗ ಕೈ ಮುಗಿದು ನಿಂತ.

"ಕೂಸನ್ನು ತಾಯಿಯ ಬಳಿಗೆ ಕಳಿಸಿಕೊಡಿ," ಎಂದ ಅಡವಯ್ಯ.

"ತಮ್ಮ ಪಾದ ಬಿದ್ದು ನಮ್ಮ ಮನೆ ಪಾವನವಾಯಿತು," ಎಂದ ದೇವಲಿಂಗ.

"ಕೂಸು ಹಸಿದಿದೆ. ಅದರ ಅಳು ನನಗೆ ಕೇಳಿಸುತ್ತಿದೆ."

"ಎಲ್ಲವೂ ತಮ್ಮ ಆಶೀರ್ವಾದ. ಕಾಲ ಕೂಡಿ ಬಂದಾಗ ಎಲ್ಲವೂ ಒಳ್ಳೆಯದಾಗುತ್ತದೆ. ಹಾಲು ಆರುತ್ತಿದೆ, ಸ್ವೀಕರಿಸಬೇಕು."

ಇದೆಲ್ಲ ಅಡವಯ್ಯ ಪುರಾಣದಲ್ಲಿ ಕಲಿಸಿದ ಮಾತೇ. ಒಂದಕ್ಷರ ತಪ್ಪಿರಲಿಲ್ಲ. ಅವನು ಮತ್ತೆ ಕೇಳಿದ, ಅವರು ಮತ್ತೆ ಕೈ ಮುಗಿದರು. ಗೋಡೆಯಾದರೆ ಗುದ್ದಬಹುದಿತ್ತು, ಮುಗಿದ ಕೈಗಳನ್ನು ಗುದ್ದುವುದು ಹೇಗೆ? ಹಾಲು ಕುಡಿದು ಫಲ ಹಿಡಿದುಕೊಂಡು ಹಿಂದಿರುಗಿದ. ಬಾಗಿಲು ದಾಟುವಾಗಲೂ ಒಳಗಡೆ ಕೂಸು ಅಳುತ್ತಿತ್ತು.

"ಏನಂದ್ರು?" ಎಂದರು ಅಜ್ಜನವರು.

"ಬಹಳ ಚೆನ್ನಾಗಿ ಮಾತಾಡಿದರು."

"ಕೂಸು?"

ಅಡವಯ್ಯ ಫಲಗಳನ್ನು ಕೆಳಗಿಟ್ಟ.

"ಅಜ್ಜನವರೆ, ಅಂದು ಆಕೆ ಆಡಿದ ಮಾತುಗಳು ಈಗ ನೆನಪಾಗುತ್ತಿವೆ. ರೊಟ್ಟಿ, ಜೋಕಾಲಿ, ಎತ್ತಿದ ಕೈ. ಆ ವರ್ಷ ಅವನು ಮತ್ತೆ ಕೈ ಎತ್ತಿದ್ದನೇ?"

"ಎತ್ತಿರಲಿಲ್ಲ. ಊರಿಗೂರ ಅವನ ಕೈ ನೋಡತಿತ್ತು."

"ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ."

ಅಡವಯ್ಯ ಎದ್ದು ಹೊಳೆಯ ಕಡೆ ನೋಡಿದ.

"ಹೊಳೆ ಇಳಿದಿದೆ. ಈ ಅಮಾಸೆಗೆ ಬೈಗುಳ ಮತ್ತೆ ಶುರು ಮಾಡಿಸುತ್ತೇನೆ. ನಿಲ್ಲಿಸಿದವನು ನಾನು, ಹೇಳಿದರೆ ಕೇಳುತ್ತಾರೆ."

"ನಿಲ್ಲಸಾಕ ಒಬ್ಬ ಸಾಕು," ಅಂದರು ಅಜ್ಜನವರು.

ಅಡವಯ್ಯ ಅದರ ಅರ್ಥ ಕೇಳಲು ನಿಲ್ಲಲಿಲ್ಲ. ಎರಡೂ ದಂಡೆಯಲ್ಲಿ ಡಂಗುರ ಹೊಡೆಸಿದ.

ಅಮಾಸೆಯ ದಿನ ಈ ದಂಡೆಯ ಹೆಂಗಸರು ಬಂದರು. ಎಳೆಯರು ಒಬ್ಬರ ಮುಖ ಒಬ್ಬರು ನೋಡಿ ನಾಚಿ ನಿಂತರು. ಹೂವವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

ಆ ದಂಡೆಗೆ ಯಾರೂ ಬರಲಿಲ್ಲ.

ಕಾದರು. ಬಿಸಿಲು ನೆತ್ತಿಗೆ ಬಂತು. ಆ ಊರಿನ ಒಲೆಗಳ ಹೊಗೆ ಕಾಣುತ್ತಿತ್ತು, ನಾಯಿ ಬೊಗಳಿದ್ದು ಕೇಳುತ್ತಿತ್ತು. ಊರು ಅಲ್ಲೇ ಇತ್ತು. ಬೈಸಿಕೊಳ್ಳಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ. ಬೀಗರಾಗಿದ್ದರೆ ಬೈಸಿಕೊಳ್ಳಬೇಕು, ಬೇರೆಯವರಾದ ಮೇಲೆ ಯಾಕೆ?

ಒಬ್ಬೊಬ್ಬರಾಗಿ ಈ ದಂಡೆಯ ಹೆಂಗಸರೂ ಕರಗಿದರು. ನೀಲವ್ವನನ್ನು ಯಾರೋ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಹೂವವ್ವ ನೀರಿನಲ್ಲಿ ಒಬ್ಬಳೇ ಉಳಿದಳು.

ಅಡವಯ್ಯ ನೀರಿನ ಅಂಚಿಗೆ ಬಂದ.

"ತಾಯಿ, ಬೈಯಿರಿ. ಅವರು ಮನೆಯಲ್ಲಿದ್ದೇ ಕೇಳಿಸಿಕೊಳ್ಳಲಿ."

"ಯಾರಿಗೆ ಬೈಲಿರಿ?"

"ಅವರಿಗೆ. ಆ ಊರಿಗೆ."

ಹೂವವ್ವ ತಿರುಗಲಿಲ್ಲ. ಆಕೆಯ ಕಣ್ಣು ಆ ದಂಡೆಯ ಮೇಲೇ ಇತ್ತು.

"ಎದುರಿಗೆ ನಿಂತು ಕೇಳೋರಿದ್ರ ಅದು ಬೈಗಳರಿ. ಕೇಳೋರಿಲ್ಲದ ಬೈದ್ರ ಶಾಪ ಆಗತೈತಿ. ನನ್ನ ಮೊಮ್ಮಗಳು ಇರೂ ಊರಿಗೆ ನಾ ಶಾಪ ಹಾಕೂದಿಲ್ಲ."

"ಹಾಗಾದರೆ ಮೇಲೆ ಬನ್ನಿ. ಹೊತ್ತು ಇಳಿಯುತ್ತಿದೆ, ನೀರು ತಣ್ಣಗಾಗುತ್ತಿದೆ."

"ಆಡೂ ಮಾತು ಬಾಯಾಗ ಇಟ್ಟುಕೊಂಡು ದಂಡಿ ಹತ್ತಬಾರದ್ರಿ. ಪದ್ಧತಿ."

ಅಡವಯ್ಯ ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಮಾತಿರಲಿಲ್ಲ. ಆಕೆಯ ಕಾಲು ಸಣ್ಣಗೆ ನಡುಗುವುದು ನೀರಿನ ಮೇಲೆ ಕಾಣುತ್ತಿತ್ತು. ಮುದುಕಿಯಾಗಿದ್ದಾಳೆ ಎಂಬುದು ಅವನಿಗೆ ಆಗಲೇ ಗೊತ್ತಾಯಿತು.

ಅವನು ಮಠಕ್ಕೆ ಓಡಿದ. ಅಜ್ಜನವರು ಹೊಳೆಯ ಕಡೆಯ ಕಟ್ಟೆಯ ಮೇಲೆ ಕೂತಿದ್ದರು. ಅವರ ಕಾಲ ಬಳಿ ಕುಸಿದ.

"ಅಜ್ಜಾರ, ನಮ್ಮವ್ವ ನೀರಾಗ ನಿಂತಾಳ. ಮ್ಯಾಲೆ ಬಾ ಅಂದ್ರ ಬರವಲ್ಲಳು."

ಎಷ್ಟೋ ವರ್ಷಗಳ ಮೇಲೆ ಆ ಮಾತು ಅವನ ಬಾಯಿಗೆ ಬಂದಿತ್ತು. ಅವನಿಗೆ ಅದರ ಗಮನವಿರಲಿಲ್ಲ. ಅಜ್ಜನವರು ಗಮನಿಸಿದರು.

"ನಾ ಕೇಳಾಕ ನಾಚಿದೆರಿ. ನಮ್ಮವ್ವ ಅಂತ ಹೇಳಾಕ ನಾಚಿ, ಯಾರೋ ಊರಾಕಿ ಅಂದೆ. ಆ ನಾಚಿಕಿಗೆ ಧರ್ಮದ ಹೆಸರು ಕೊಟ್ಟೆ. ನನಗ ಬೈರಿ ಅಜ್ಜಾರ. ಬಾಯಿಗೆ ಬಂದಂಗ ಬೈರಿ."

ಅಜ್ಜನವರು ಅವನ ತಲೆಯ ಮೇಲೆ ಕೈಯಿಟ್ಟರು.

"ನೀ ನನ್ನ ಮುಂದ ಬಂದು ಕೂತ ದಿನಾನ ಬೈಬೇಕಾಗಿತ್ತು. ನಾಲಿಗಿ ತುದಿಗೆ ಬಂದಿತ್ತು. ಓದಿ ಬಂದ ಹುಡುಗ ನೊಂದಾನು ಅಂತ ನುಂಗಿದೆ. ವರ್ಷಕ್ಕೊಂದಿನ ಆ ಗದ್ದಲ ತಪ್ಪಿದ್ರ ನನಗೂ ಹಿತ ಅನಸ್ತು. ಈಗ ನಿನಗ ಬೈಯೂ ಬಾಯಿ ನನಗಿಲ್ಲ ತಮ್ಮಾ."

"ಮತ್ತ ಯಾರಿಗೈತಿ?"

ಸೂರ್ಯ ಹೊಳೆಗೆ ಇಳಿದಿದ್ದ. ಅಜ್ಜನವರು ನೀರಿನ ಕಡೆ ನೋಡಿದರು.

"ನಿಮ್ಮವ್ವ ಈ ದಂಡ್ಯಾಗ ನಿಂತಾಳ. ಆ ದಂಡಿ ಖಾಲಿ ಐತಿ. ಹೋಗಿ ಎದುರಿಗೆ ನಿಂದ್ರು."